ಹುಂಜನಾ ಹ್ಯಾಟೆನಾ? ಬರೀ ಜುಟ್ಟು ನೋಡಿ ಹೇಳ್ಬೇಡಿ

ನಮ್ಮನೆಯಿಂದ ಕೋಳಿಮರಿ ತಗೊಂಡು ಹೋದೋರೆಲ್ಲ ಒಂದು ತಿಂಗಳು ಕಳೆಯೋ ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸ್ತಾರೆ. ಮೇಲಿಂದ ತೆಗ್ದಿರೋ ಫೋಟೋ, ಅದ್ರಲ್ಲಿ ಅರ್ಧ ಮರಿ, ಅರ್ಧ ಅವ್ರ ಚಪ್ಪಲಿ. ಕೆಳಗೆ "ಅಕ್ಕ ಇದು ಹುಂಜನಾ ಹ್ಯಾಟೆನಾ ಸ್ವಲ್ಪ ನೋಡಿ ಹೇಳಿ" ಅಂತ, ಅಂದ್ರೆ ಗಂಡಾ ಹೆಣ್ಣಾ ಅಂತ. ನಾನೇನು ಹೇಳ್ಲಿ ಮಾರಾಯ್ರೆ, ಒಂದೇ ಒಂದು ಮರಿನ ಬೆನ್ನು ನೋಡಿ ಜಾತಕ ಹೇಳೋಕಾಗುತ್ತಾ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಹಾಕ್ತಾ ಇದೀನಿ, ಇನ್ಮೇಲೆ ಲಿಂಕ್ ಕಳಿಸಿದ್ರೆ ಆಯ್ತು.

ನಮ್ದು ಕೊಡಗಿನ ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಕಣದ ಪಕ್ಕದಲ್ಲಿ ಗೂಡು, ಹಗಲಿಡೀ ಕೋಳಿ ಕಾಫಿ ಗಿಡದ ಬುಡ ಕೆದಕ್ಕೊಂಡು ತಿರುಗ್ತಾವೆ. ಹೆಚ್ಚಿನವು ನಾಟಿ, ಜೊತೆಗೆ ಗಿರಿರಾಜ ತಳಿ ಒಂದಿಷ್ಟು, ಆಮೇಲೆ ಹೆಸರಘಟ್ಟದ ಸೆಂಟ್ರಲ್ ಗೌರ್ಮೆಂಟ್ ಕೋಳಿ ಕೇಂದ್ರದೋರು ಮಾಡಿರೋ ಕಾವೇರಿ ತಳಿ, ನಮ್ಮ ಕಾವೇರಮ್ಮನ ಹೆಸರಿಟ್ಕೊಂಡಿದೆ ಅನ್ನೋ ಒಂದೇ ಕಾರಣಕ್ಕೆ ನಮ್ಮತ್ತೆ ತರ್ಸಿದ್ದು. ಇವೆಲ್ಲ ಸೇರಿ ಈಗ ಯಾವುದು ಯಾವ ಜಾತಿ ಅಂತ ಹೇಳೋ ಹಾಗಿಲ್ಲ, ಎಲ್ಲಾ ಕಲಸುಮೇಲೋಗರ. ಇಲ್ಲಿ ಮನೆಗಳಲ್ಲಿ ಹುಂಜನೋ ಹ್ಯಾಟೆನೋ ಅನ್ನೋದು ಸುಮ್ನೆ ಕುತೂಹಲಕ್ಕೆ ಕೇಳೋ ಪ್ರಶ್ನೆ ಅಲ್ಲ, ಯಾವ್ದನ್ನ ಮೊಟ್ಟೆಗೆ ಇಟ್ಕೊಳ್ಳೋದು, ಯಾವ್ದನ್ನ ಮಾರೋದು, ಯಾವ್ದನ್ನ ದೇವ್ರಿಗೆ ಹರಕೆ ಅಂತ ಬಿಡೋದು, ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಯಾವ್ದು ಅಂತ ಎಲ್ಲ ಇದರ ಮೇಲೇ ನಿಂತಿರುತ್ತೆ.

ಮೊದಲು ಒಂದು ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ. 21 ದಿನಕ್ಕೆ ಮೊಟ್ಟೆ ಒಡೆದು ಹೊರಗೆ ಬಂದ ನಾಟಿ ಮರಿನ ನೋಡಿ ಗಂಡು ಹೆಣ್ಣು ಹೇಳ್ತೀನಿ ಅಂತ ಯಾರಾದ್ರೂ ಅಂದ್ರೆ ಅವರು ಬುರುಡೆ ಬಿಡ್ತಾ ಇದಾರೆ ಅಂತಾನೇ ಅರ್ಥ. ಹ್ಯಾಚರಿಗಳಲ್ಲಿ ಹೇಳ್ತಾರೆ, ನಿಜ, ಆದರೆ ಅದು ಬೇರೆ ವಿದ್ಯೆ. ಮರಿನ ಕೈಯಲ್ಲಿ ಹಿಡಿದು ಹಿಂದ್ಗಡೆ ಮೆತ್ತಗೆ ಒತ್ತಿ, ಒಳಗಿರೋ ಸಾಸಿವೆಗಿಂತ ಚಿಕ್ಕ ಗುಬುಟು ನೋಡಿ ಹೇಳೋದು. ಇದನ್ನ ಕಂಡುಹಿಡಿದಿದ್ದು ಜಪಾನಿನೋರು, ಮಸೂಯಿ ಮತ್ತೆ ಹಶಿಮೋಟೋ ಅನ್ನೋರು 1920ರ ದಶಕದಲ್ಲಿ ಇದರ ಬಗ್ಗೆ ಕೆಲಸ ಮಾಡಿದ್ರು, 1933ರಲ್ಲಿ ಇಂಗ್ಲಿಷ್ ಪುಸ್ತಕನೂ ಬಂತು, ಆಮೇಲೆ ಜಪಾನಿಂದ ಟ್ರೈನಿಂಗ್ ಆದೋರು ಬೇರೆ ಬೇರೆ ದೇಶಕ್ಕೆ ಹೋಗಿ ಇದೇ ಕೆಲಸ ಮಾಡಿದ್ರು. ಅದನ್ನ ಕಲಿಯೋಕೆ ತುಂಬಾ ಸಮಯ ಬೇಕು, ಯೂಟ್ಯೂಬ್ ನೋಡ್ಕೊಂಡು ಮನೇಲಿ ಒತ್ತೋಕೆ ಹೋಗ್ಬೇಡಿ, ಮರಿ ಕರುಳಿಗೆ ಪೆಟ್ಟಾಗಿ ಸತ್ತೋಗುತ್ತೆ ಅಷ್ಟೇ. ಇನ್ನೊಂದು ರೆಕ್ಕೆ ಬಿಡಿಸಿ ನೋಡೋ ವಿದ್ಯೆ, ದೊಡ್ಡ ಗರಿ ಉದ್ದ ಇದ್ದು ಅದರ ಮೇಲೆ ಮುಚ್ಚೋ ಸಣ್ಣ ಗರಿ ಗಿಡ್ಡ ಇದ್ರೆ ಹೆಣ್ಣು, ಎರಡೂ ಒಂದೇ ಉದ್ದ ಇದ್ರೆ ಗಂಡು ಅಂತ. ಇದು ಸುಳ್ಳಲ್ಲ, ಆದ್ರೆ ಅದಕ್ಕೇ ಅಂತ ಅಪ್ಪ ಅಮ್ಮನ್ನ ಆರಿಸಿ ಕೂಡಿಸಿರೋ ತಳಿಗೆ ಮಾತ್ರ, ಅದೂ ಮೊದಲ ಎರಡ್ಮೂರು ದಿನ ಮಾತ್ರ. ನಮ್ಮ ನಾಟಿ ಮರಿ ರೆಕ್ಕೆ ಬಿಡಿಸಿ ನೋಡೋದೂ ಒಂದೇ, ನಾಣ್ಯ ಹಾರ್ಸೋದೂ ಒಂದೇ.

ಇನ್ನು ಅಜ್ಜಿಯಂದಿರ ಲೆಕ್ಕ. ಚೂಪು ಮೊಟ್ಟೆ ಹುಂಜ, ಗುಂಡು ಮೊಟ್ಟೆ ಹ್ಯಾಟೆ ಅಂತ ಆರಿಸಿ ಕಾವಿಗೆ ಇಡೋದು ನಮ್ಮ ಕಡೆ ಈಗ್ಲೂ ಇದೆ. ತಮಾಷೆ ಅಂದ್ರೆ ಗ್ರೀಸ್‌ನ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆ ಇದೇ ಮಾತನ್ನ ಉಲ್ಟಾ ಬರೆದಿದಾನೆ, ಉದ್ದ ಚೂಪು ಮೊಟ್ಟೆಲಿ ಹೆಣ್ಣು ಅಂತೆ. ನಮ್ಮಜ್ಜಿಗೂ ಅವನಿಗೂ ಜಗಳ ಹಚ್ಚಿದ್ರೆ ಇಬ್ರೂ ಸೋಲ್ತಾರೆ. ಯಾಕಂದ್ರೆ ಕೋಳಿಲಿ ಗಂಡು ಹೆಣ್ಣು ತೀರ್ಮಾನ ಮಾಡೋದು ತಾಯಿ, ನಮ್ಮ ಮನುಷ್ಯರಲ್ಲಿ ತಂದೆ ಕಡೆಯಿಂದ ಆಗೋ ಹಾಗಲ್ಲ. ಹುಂಜಕ್ಕೆ ಎರಡೂ ಝಡ್ ಕ್ರೋಮೋಸೋಮು, ಹ್ಯಾಟೆಗೆ ಒಂದು ಝಡ್ಡು ಒಂದು ಡಬ್ಲ್ಯೂ, ಮೊಟ್ಟೆಯ ಹಳದಿ ಭಾಗ ಅಂಡಾಶಯದಿಂದ ಕೆಳಗಿಳಿಯೋ ಹೊತ್ತಿಗೇ ಅದರಲ್ಲಿ ಯಾವುದು ಉಳ್ಕೊಳ್ತು ಅನ್ನೋದು ಮುಗಿದಿರುತ್ತೆ. ಚಿಪ್ಪು ಕಟ್ಟೋದು, ಅದಕ್ಕೆ ಆಕಾರ ಬರೋದು ಎಲ್ಲ ಆಮೇಲಿನ ಕೆಲಸ. ಅಂದ್ಮೇಲೆ ಚಿಪ್ಪಿನ ಆಕಾರಕ್ಕೆ ಒಳಗಿರೋರ ಸುದ್ದಿ ಗೊತ್ತಿರೋಕೆ ಹೇಗೆ ಸಾಧ್ಯ. ಹಾಗೇ ಸೂಜಿಗೆ ದಾರ ಕಟ್ಟಿ ಮೊಟ್ಟೆ ಮೇಲೆ ತೂಗಾಡ್ಸೋದು, ಕಾಲು ಹಿಡಿದು ನೇತಾಡ್ಸಿ ಒದ್ದಾಡಿದ್ರೆ ಹುಂಜ ಅನ್ನೋದು, ಬಿಟ್ಟಾಕಿ.

ಸಂತೆಲಿ, ಜಾತ್ರೆಲಿ, ಬೈಕಿನ ಹಿಂದೆ ಬುಟ್ಟಿಲಿ ಪಿಂಕು ಹಸಿರು ಬಣ್ಣ ಹಾಕಿದ ಮರಿ ಮಾರ್ತಾರಲ್ಲ, ಮಕ್ಕಳು ಹಟ ಮಾಡ್ತಾವೆ ಅಂತ ತಗೊಂಡು ಬಂದು "ಅಕ್ಕ ಇದು ಮೊಟ್ಟೆ ಇಡುತ್ತಾ" ಅಂತಾನೂ ಕೇಳ್ತಾರೆ. ಅವು ಹೆಚ್ಚಾಗಿ ಲೇಯರ್, ಅಂದ್ರೆ ಮೊಟ್ಟೆ ಕೋಳಿ, ಹ್ಯಾಚರಿಯ ಗಂಡು ಮರಿಗಳು. ಹೆಣ್ಣು ಆರಿಸ್ಕೊಂಡು ಮೊಟ್ಟೆ ಫಾರಂಗೆ ಕಳಿಸಿ ಉಳಿದ ಗಂಡಿಗೆ ಬಣ್ಣ ಎರಚಿ ಮಾರೋದು. ಮೊಟ್ಟೆನೂ ಇಲ್ಲ, ಬ್ರಾಯ್ಲರ್ ತರ ಮಾಂಸನೂ ಕಟ್ಟಲ್ಲ. ಜರ್ಮನಿಲಿ ಇಂಥ ಗಂಡು ಮರಿನ ಹುಟ್ಟಿದ ದಿನವೇ ಸಾಯಿಸೋದನ್ನ 2022ರ ಜನವರಿಯಿಂದ ನಿಷೇಧ ಮಾಡಿದಾರೆ, ಅದಕ್ಕೇ ಅಲ್ಲಿ ಮೊಟ್ಟೆ ಒಳಗಿರುವಾಗಲೇ ಕಂಡುಹಿಡಿಯೋ ಮಷೀನು ಬಂದಿದೆ. ನಮ್ಮಲ್ಲಿ ಬಣ್ಣದ ಬುಟ್ಟಿ.

ಇನ್ನೊಂದು ದೂರು ಬರ್ತಾ ಇರುತ್ತೆ, "ನಿಮ್ಮ ಮರಿ ಎಲ್ಲ ಹುಂಜನೇ ಆಯ್ತು, ಹ್ಯಾಟೆ ನೀವೇ ಇಟ್ಕೊಂಡ್ರಿ" ಅಂತ. ಅಯ್ಯೋ ದೇವ್ರೆ. ಮೇಲೆ ಹೇಳಿದ್ನಲ್ಲ, ನಂಗೇ ಗೊತ್ತಾಗಲ್ಲ ಅಂದ್ಮೇಲೆ ಆರಿಸೋದು ಹೇಗೆ. ಅರ್ಧಕ್ಕರ್ಧ ಅನ್ನೋದು ಸಾವಿರ ಮರಿಗೆ ಸರಿ, ಒಂದು ಕಾವಿಗೆ ಅಲ್ಲ. ಹತ್ತು ಮರಿ ತಗೊಂಡ್ರೆ ಅದರಲ್ಲಿ ಏಳು ಅಥವಾ ಅದಕ್ಕಿಂತ ಜಾಸ್ತಿ ಹುಂಜ ಆಗೋ ಚಾನ್ಸು ಶೇಕಡಾ 17ರಷ್ಟು, ಅಂದ್ರೆ ಹೆಚ್ಚುಕಮ್ಮಿ ಆರು ಮನೇಲಿ ಒಂದು ಮನೆಗೆ ಹಾಗಾಗುತ್ತೆ. ಆ ಒಂದು ಮನೆಯೋರೇ ಫೋನ್ ಮಾಡೋದು, ಏಳು ಹ್ಯಾಟೆ ಸಿಕ್ಕಿದೋರು ಸುಮ್ನೆ ಮೊಟ್ಟೆ ತಿಂತಾ ಇರ್ತಾರೆ.

ಸರಿ, ಈಗ ಜುಟ್ಟಿನ ವಿಷ್ಯ. ಒಂದೂವರೆ ತಿಂಗಳಿಗೆ ಯಾವುದರ ಜುಟ್ಟು ದೊಡ್ಡದಾಗಿ ಕೆಂಪಾಯ್ತೋ, ಗದ್ದದ ಕೆಳಗೆ ಜೋಲು ಬಂತೋ ಅದು ಹುಂಜ ಅಂತ ಎಲ್ಲರೂ ಹೇಳೋದು, ನಾನೂ ಅಲ್ಲಿಂದಾನೇ ಶುರು ಮಾಡ್ತೀನಿ, ಏನೂ ತಪ್ಪಿಲ್ಲ. ಕೆಂಪಾದ್ದು ಹುಂಜ ಅನ್ನೋದು ಸಾಮಾನ್ಯವಾಗಿ ಸರಿಯಾಗುತ್ತೆ. ತೊಂದ್ರೆ ಇರೋದು ಅದರ ಉಲ್ಟಾದಲ್ಲಿ, ಕೆಂಪಾಗಿಲ್ಲ ಅಂದ್ರೆ ಹ್ಯಾಟೆ ಅಂತ ತೀರ್ಮಾನ ಮಾಡೋದ್ರಲ್ಲಿ. ಯಾಕೆ ಅಂದ್ರೆ ಜುಟ್ಟು ಬೆಳೆಸೋದು ಗಂಡು ಹಾರ್ಮೋನು, ಅದು ಗಂಡಾದ ಮಾತ್ರಕ್ಕೆ ಎಲ್ಲಕ್ಕೂ ಒಂದೇ ಮಟ್ಟದಲ್ಲಿ ಇರಲ್ಲ. ಒಂದೇ ಕಾವಲ್ಲಿ ಹುಟ್ಟಿದ ನಾಲ್ಕು ಗಂಡಲ್ಲಿ ಒಬ್ಬ ದಾದಾ ಆಗಿ ಮೇಲೆ ಬರ್ತಾನೆ, ಅವನ ಜುಟ್ಟು ದಾಸವಾಳ. ಎಲ್ಲರ ಹತ್ರ ಕುಕ್ಕಿಸ್ಕೊಂಡು ಮೂಲೆ ಸೇರಿರೋನ ಜುಟ್ಟು ತಿಂಗಳುಗಟ್ಟಲೆ ಪೇಲವವಾಗಿ ಗಿಡ್ಡಕ್ಕೇ ಇರುತ್ತೆ, ನೋಡಿದ್ರೆ ಥೇಟ್ ಹ್ಯಾಟೆ. ಮನೇಲಿ ಮೊಟ್ಟೆಗೆ ಅಂತ ಇಟ್ಕೊಂಡು ಸಾಕಿ ಸಾಕಿ, ಆ ದಾದಾನ ಸಾರು ಮಾಡಿದ ಸ್ವಲ್ಪ ದಿನಕ್ಕೆ ಈ ಸಾಧು ಎದೆ ಉಬ್ಬಿಸ್ಕೊಂಡು ಕೂಗ್ತಾನೆ ನೋಡಿ, ಆಗ ಮನೆಯೋರ ಮುಖ ನೋಡ್ಬೇಕು.

ಕೊಡಗಿನೋರಿಗೆ ಇನ್ನೊಂದು ಎಕ್ಸ್ಟ್ರಾ ಸಮಸ್ಯೆ ಮಳೆ. ಜೂನ್ ಜುಲೈಲಿ ಬೆಳೀತಿರೋ ಮರಿಗಳಿಗೆ ಬಿಸಿಲೇ ಇಲ್ಲ, ಗೂಡಲ್ಲಿ ಹಾಕಿದ ಹೊಟ್ಟು ಒದ್ದೆ, ಕರೆಂಟು ಹೋದ್ರೆ ಯಾವಾಗ ಬರುತ್ತೋ, ಬಲ್ಬು ಹಾಕಿ ಕಾವು ಕೊಡ್ತೀನಿ ಅಂತ ನಂಬ್ಕೊಂಡು ಕೂತ್ರೆ ಮುಗೀತು. ಒದ್ದೆ ಹೊಟ್ಟಲ್ಲಿ ರಕ್ತಭೇದಿ ಬರುತ್ತೆ, ಹೊಟ್ಟೆಹುಳ ಆಗುತ್ತೆ, ಅಂಥ ಮರಿ ಹುಂಜನೇ ಆಗಿದ್ರೂ ಜುಟ್ಟು ಬಿಳಚ್ಕೊಂಡು ಇರುತ್ತೆ. ಅಂದ್ರೆ ಜುಟ್ಟು ಹೇಳೋದು ಮೊದಲು ಆರೋಗ್ಯ, ಆಮೇಲೆ ಅವನ ಸ್ಥಾನಮಾನ, ಗಂಡು ಹೆಣ್ಣು ಅನ್ನೋದು ಅದಾದ್ಮೇಲೆ. ನಮ್ಮಲ್ಲಿ ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ, ಜನವರಿ ಫೆಬ್ರವರಿಲಿ ಕಾವಿಗೆ ಕೂರ್ಸಿದ್ರೆ ಮಳೆ ಹಿಡಿಯೋ ಅಷ್ಟರಲ್ಲಿ ಮರಿ ಗಟ್ಟಿಯಾಗಿರುತ್ತೆ, ಗುರುತು ಹಿಡಿಯೋದೂ ಸುಲಭ.

ತಳಿ ಬೇರೆ ಬೇರೆ ಇದ್ರಂತೂ ಜುಟ್ಟು ಹೋಲಿಸೋಕೇ ಹೋಗ್ಬೇಡಿ. ಅಸೀಲ್‌ಗೆ ಗಂಡಿಗೂ ಜುಟ್ಟು ತಲೆಗೆ ಅಂಟ್ಕೊಂಡ ಹಾಗೆ ಸಣ್ಣಕ್ಕೇ ಇರುತ್ತೆ. ಕಡಕ್‌ನಾಥ್‌ದು ಕಪ್ಪು, ಅಲ್ಲಿ ಕೆಂಪು ಹುಡುಕಿದ್ರೆ ಸಿಗೋದೇ ಕಷ್ಟ. ಬಿಳಿ ಲೆಗಾರ್ನ್ ರಕ್ತ ಇರೋ ಹ್ಯಾಟೆಗೆ ಇನ್ನೂ ಮೊಟ್ಟೆ ಶುರುವಾಗೋ ಮುಂಚೆನೇ ದೊಡ್ಡ ಜುಟ್ಟು ಬಂದು ಪಕ್ಕಕ್ಕೆ ಬಾಗಿರುತ್ತೆ. ನಮ್ಮ ಚಿಕ್ಕಮ್ಮ ಒಬ್ರು ಇದಾರೆ, ಶನಿವಾರಸಂತೆ ಕಡೆ, ಅವರಂತೂ ಇಂಥದ್ದೇ ಒಂದು ಕೆಂಪು ಜುಟ್ಟಿನ ಬಿಳಿ ಕೋಳಿನ "ಹುಂಜ, ಸುಮ್ನೆ ತಿಂದು ದಂಡ" ಅಂತ ಪಕ್ಕದ ಲೈನ್‌ಮನೆ (ತೋಟದ ಕೆಲಸದೋರ ಸಾಲುಮನೆ) ಯೋರಿಗೆ ಕಮ್ಮಿ ರೇಟಿಗೆ ಕೊಟ್ಟುಬಿಟ್ರು. ಅದು ಅಲ್ಲಿ ಹೋಗಿ ಸ್ವಲ್ಪ ದಿನಕ್ಕೇ ಮೊಟ್ಟೆ ಶುರು ಮಾಡ್ತು, ಒಂದು ದಿನ ಬಿಡ್ದೆ. ಆ ಮನೆ ಅಕ್ಕ ತುಂಬಾ ಒಳ್ಳೆಯವ್ರು, ಮೊದ್ಲ ಮೊಟ್ಟೆ ತಂದು ಚಿಕ್ಕಮ್ಮನ ಕೈಗೇ ಕೊಟ್ರಂತೆ, ಚಿಕ್ಕಮ್ಮನಿಗೆ ಅದರಿಂದ ಇನ್ನೂ ಉರೀತು.

ಹಾಗಾದ್ರೆ ನಂಬೋದು ಯಾವುದನ್ನ? ಗರಿನ. ಅದೂ ಬೆನ್ನಿನ ಕೊನೇಲಿ, ಬಾಲ ಶುರುವಾಗೋ ಜಾಗದ ಎರಡೂ ಕಡೆ ಇಳಿಬೀಳೋ ಗರಿನ. ಹುಂಜಕ್ಕೆ ಅಲ್ಲಿ ಸಪೂರ, ಉದ್ದ, ತುದಿ ಚೂಪಾದ, ಎಣ್ಣೆ ಸವರಿದ ಹಾಗೆ ಹೊಳೆಯೋ ಗರಿ ಬರುತ್ತೆ. ಹ್ಯಾಟೆಗೆ ಅಗಲ, ತುದಿ ಗುಂಡು, ಹೊಳಪು ಕಮ್ಮಿ. ಕತ್ತಿನ ಗರಿಲೂ ಇದೇ ವ್ಯತ್ಯಾಸ ಇರುತ್ತೆ, ಆದ್ರೆ ಕೆಲವು ಹ್ಯಾಟೆಗಳ ಕತ್ತಿನ ಗರಿನೂ ಸ್ವಲ್ಪ ಚೂಪಾಗಿದ್ದು ಕನ್ಫ್ಯೂಸ್ ಮಾಡುತ್ತೆ, ಅದಕ್ಕೇ ನಾನು ಬೆನ್ನಿನ ಕೊನೆ ಅನ್ನೋದು. ಇದು ಜುಟ್ಟಿಗಿಂತ ಗಟ್ಟಿ ಸಾಕ್ಷಿ ಯಾಕೆ ಅಂದ್ರೆ ಕೋಳಿಲಿ ಗರಿ ಹೆಣ್ಣಿನ ತರ ಗುಂಡಾಗೋಕೆ ಹೆಣ್ಣು ಹಾರ್ಮೋನು ಬೇಕು, ಅದು ಇಲ್ದಿದ್ರೆ ಗರಿ ತಾನಾಗೇ ಹುಂಜದ ತರ ಬರುತ್ತೆ. ದಾದಾನೇ ಇರ್ಲಿ, ಮೂಲೆ ಸೇರಿದ ಸಾಧುನೇ ಇರ್ಲಿ, ಅವನಲ್ಲಿ ಹೆಣ್ಣು ಹಾರ್ಮೋನು ಆ ಮಟ್ಟಕ್ಕೆ ಇರಲ್ಲ, ಚೂಪು ಗರಿ ಬಂದೇ ಬರುತ್ತೆ. ಜುಟ್ಟು ಅಡಗಿಸಿ ಇಟ್ಕೋಬಹುದು, ಗರಿ ಅಡಗಿಸೋಕಾಗಲ್ಲ.

ಆದ್ರೆ ಇದಕ್ಕೆ ಕಾಯ್ಬೇಕು. ಮರಿಯ ಮೊದಲ ಗರಿಗಳು ಗಂಡಿಗೂ ಹೆಣ್ಣಿಗೂ ಒಂದೇ ತರ ಇರ್ತಾವೆ, ಅವು ಉದುರಿ ಬೇರೆ ಬರ್ತಾ ಬರ್ತಾ ಹತ್ತಿರ ಹತ್ತಿರ ಮೂರು ತಿಂಗಳಿಗೆ ಈ ಚೂಪು ಗರಿ ಕಾಣ್ಸೋಕೆ ಶುರುವಾಗೋದು. ಹಗಲು ಹಿಡಿಯೋಕೆ ಓಡಿಸ್ಕೊಂಡು ಹೋದ್ರೆ ತೋಟ ಪೂರ್ತಿ ಓಡಿಸ್ತಾವೆ, ಸಂಜೆ ಗೂಡು ಸೇರಿ ಕೋಲಿನ ಮೇಲೆ ಕೂತ್ಮೇಲೆ ಟಾರ್ಚ್ ಹಿಡ್ಕೊಂಡು ಹಿಂದಿನಿಂದ ನೋಡಿ, ಸಾಲಾಗಿ ಕೂತಿರ್ತಾವೆ, ಒಂದರ ಪಕ್ಕ ಒಂದು ಹೋಲಿಸ್ಬಹುದು.

ಮೂರು ತಿಂಗಳ ಒಳಗೇ ಅಂದಾಜು ಬೇಕು ಅನ್ನೋರಿಗೆ ಒಂದೆರಡು ಸುಳಿವು. ಎರಡ್ಮೂರು ವಾರಕ್ಕೆ ಹೆಣ್ಣು ಮರಿಗಳಿಗೆ ಬಾಲ ಬೇಗ ಬರುತ್ತೆ, ಮೈ ಬೇಗ ಮುಚ್ಚುತ್ತೆ. ಗಂಡು ಮರಿ ಬೆನ್ನು ಬೋಳಾಗಿ, ಬಾಲ ಮೊಂಡಾಗಿ, ಉದ್ದ ಕಾಲು ಹಾಕ್ಕೊಂಡು ಎಡವಟ್ಟಾಗಿ ಓಡಾಡ್ತಿರುತ್ತೆ. ಕಾಲು ನೋಡಿ, ಗಂಡಿಗೆ ದಪ್ಪ. ಕೆಂಪು ನಾಟಿಲಿ ಐದಾರು ವಾರಕ್ಕೆ ಎದೆ ಮೇಲೆ ಕಪ್ಪು ಗರಿ, ರೆಕ್ಕೆ ಭುಜದಲ್ಲಿ ಕೆಂಪು ಮಚ್ಚೆ ಬಂದ್ರೆ ಗಂಡು, ಎದೆ ಕಂದು ಬಣ್ಣದಲ್ಲೇ ಉಳಿದ್ರೆ ಹೆಣ್ಣು. ಪೂರ್ತಿ ಕಪ್ಪು, ಪೂರ್ತಿ ಬಿಳಿ ಮರಿಗೆ ಈ ಬಣ್ಣದ ಆಟ ನಡೆಯಲ್ಲ. ಕಾಲಿನ ಹಿಂದಿನ ಮುಳ್ಳು ನೋಡಿ ಹೇಳ್ತೀನಿ ಅಂತಾರೆ ಕೆಲವರು, ಆ ವಯಸ್ಸಲ್ಲಿ ಅದು ಎರಡಕ್ಕೂ ಬರೀ ಗುಬುಟು. ಎಲ್ಲಾದ್ರಲ್ಲೂ ನೆನಪಿಡ್ಬೇಕಾದ್ದು, ಒಂದೇ ಕಾವಿನ ಮರಿಗಳನ್ನ ಒಂದಕ್ಕೊಂದು ಹೋಲಿಸಿ, ಪಕ್ಕದ ಮನೆ ಮರಿ ಜೊತೆ ಅಲ್ಲ.

ಈಗ ನಂಗೆ ತುಂಬಾ ಇಷ್ಟವಾದ ಭಾಗ, ನಡವಳಿಕೆ. ಎರಡು ವಾರದ ಮರಿ ಎದುರುಬದುರು ನಿಂತು ಕತ್ತಿನ ಗರಿ ಅರಳಿಸಿ ಎದೆಗೆ ಎದೆ ಗುದ್ದೋದು ನೋಡಿ "ಎರಡೂ ಹುಂಜ" ಅಂತಾರೆ. ಹೆಣ್ಣೂ ಗುದ್ದಾಡ್ತಾವೆ ಕಣ್ರೀ, ಚೆನ್ನಾಗೇ ಗುದ್ದಾಡ್ತಾವೆ. ಅದು ಯಾರು ಮೇಲೆ ಯಾರು ಕೆಳಗೆ ಅಂತ ತೀರ್ಮಾನ ಆಗ್ತಿರೋದು. ನಾರ್ವೆಯ ಶೆಲ್ಡರಪ್ ಎಬ್ಬೆ ಅನ್ನೋರು ಹುಡುಗ ಆಗಿದ್ದಾಗಿಂದ್ಲೂ ಕೋಳಿ ನೋಡ್ತಾ ಕೂತಿರ್ತಿದ್ರಂತೆ, 1920ರ ದಶಕದ ಶುರುವಲ್ಲಿ ಅವ್ರು ಬರೆದಿದ್ದೇ ಇದನ್ನ, ಪ್ರತಿ ಗುಂಪಲ್ಲೂ ಯಾರು ಯಾರನ್ನ ಕುಕ್ಕಬಹುದು ಅನ್ನೋದಕ್ಕೆ ಒಂದು ಪಟ್ಟಿ ಇರುತ್ತೆ ಅಂತ. ನಮ್ಮ ಗೂಡಲ್ಲಿ ಪಟ್ಟಿಯ ತುದಿಲಿರೋದು ಒಂದು ಮುದಿ ಬೋಳುಕತ್ತಿನ ಹ್ಯಾಟೆ, ಅವಳು ಬಂದ್ರೆ ಮರಿ ಹುಂಜಗಳೆಲ್ಲ ದಾರಿ ಬಿಡ್ತಾವೆ. ಟೋಪಿ ಎಸೆದು ನೋಡೋ ಪರೀಕ್ಷೆನೂ ಇದೆ, ಹೆದರದೇ ಎದ್ದು ನಿಂತಿದ್ದು ಗಂಡು, ಕುಗ್ಗಿ ಕೂತಿದ್ದು ಹೆಣ್ಣು ಅಂತ. ಅದರಿಂದ ಗೊತ್ತಾಗೋದು ಯಾವ ಮರಿಗೆ ಧೈರ್ಯ ಜಾಸ್ತಿ ಅನ್ನೋದು ಮಾತ್ರ.

ಜಗಳ ಬಿಟ್ಟು ಬೇರೆ ನೋಡಿ. ಎರಡು ಮೂರು ತಿಂಗಳ ಗಂಡು ಒಂದು ರೆಕ್ಕೆ ಕೆಳಗೆ ಇಳಿಸಿ ಹ್ಯಾಟೆ ಸುತ್ತ ಓರೆ ಓರೆಯಾಗಿ ಅರ್ಧ ಸುತ್ತು ಹಾಕ್ತಾನೆ, ಅದು ಗಂಡಿನದೇ ಆಟ. ಹುಳ ಸಿಕ್ಕಿದ್ರೆ ತಾನು ತಿನ್ನದೇ ಎತ್ತಿ ಎತ್ತಿ ಹಾಕಿ ಕುಕ್ ಕುಕ್ ಕುಕ್ ಅಂತ ಹೆಣ್ಣುಗಳನ್ನ ಕರೀತಾನೆ. ಮರಿ ಇರೋ ತಾಯಿಕೋಳಿನೂ ಹೀಗೆ ಕರೆಯುತ್ತೆ, ಆದ್ರೆ ಮರಿ ಇಲ್ಲದ ಎಳೇ ಕೋಳಿ ಹೀಗೆ ಮಾಡ್ತಿದ್ರೆ ಹುಂಜ ಅಂತ ಬರ್ಕೊಂಡುಬಿಡಿ. ಮೇಲೆ ಗಿಡುಗ ಸುತ್ತಿದ್ರೆ ಮೊದಲು ತಲೆ ಓರೆ ಮಾಡಿ ಆಕಾಶ ನೋಡಿ ಕೂಗೋದೂ ಸಾಮಾನ್ಯವಾಗಿ ಅವನೇ, ಮತ್ತೆ ಗಿಡುಗ ಬಂದ್ರೆ ಒಂದು ದನಿ, ನೆಲದ ಮೇಲೆ ಮುಂಗುಸಿ ಬಂದ್ರೆ ಬೇರೆ ದನಿ, ನಾವು ಅಡುಗೆಮನೇಲಿ ಇದ್ಕೊಂಡೇ ಮೇಲೆ ನೋಡ್ಬೇಕಾ ಕೆಳಗೆ ನೋಡ್ಬೇಕಾ ಅಂತ ಗೊತ್ತಾಗುತ್ತೆ.

ಕೂಗು ಅಂದ್ರೆ ಎಲ್ಲರೂ ಅದೇ ಫೈನಲ್ ಅಂದ್ಕೊಂಡಿರ್ತಾರೆ. ಕೆಲವು ಗಂಡು ಎರಡು ತಿಂಗಳಿಗೇ ಗಂಟಲು ಕಟ್ಟಿದೋರ ತರ ಒಂದು ದನಿ ತೆಗೀತಾವೆ, ಕೆಲವು ನಾಲ್ಕು ತಿಂಗಳು ದಾಟಿದ್ರೂ ಬಾಯೇ ಬಿಡಲ್ಲ. ಜಪಾನಿನ ಸಂಶೋಧಕರು 2015ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ರು, ಗುಂಪಲ್ಲಿ ಬೆಳಗಿನ ಜಾವ ಮೊದಲು ಕೂಗೋದು ಮೇಲಿನ ಸ್ಥಾನದ ಹುಂಜ, ಆಮೇಲೆ ಅವರವರ ಸ್ಥಾನಕ್ಕೆ ತಕ್ಕ ಹಾಗೆ ಉಳಿದವು, ಮೇಲಿನವನನ್ನ ತೆಗೆದ್ರೆ ಎರಡನೆಯವನು ಮೊದಲು ಕೂಗ್ತಾನೆ ಅಂತ. ಅಂದ್ರೆ ಸಣ್ಣ ವಯಸ್ಸಲ್ಲಿ ಬಾಯಿಮುಚ್ಕೊಂಡಿರೋದೆಲ್ಲ ಹ್ಯಾಟೆ ಅಲ್ಲ. ಅನುಮಾನ ಇರೋ ಮರಿನ ದಾದಾ ಕಣ್ಣಿಗೆ ಬೀಳದ ಹಾಗೆ ಬೇರೆ ಪಂಜರದಲ್ಲಿ ಸ್ವಲ್ಪ ದಿನ ಬಿಟ್ಟು ನೋಡಿ, ಹುಂಜ ಆಗಿದ್ರೆ ಧೈರ್ಯ ಬರೋ ಚಾನ್ಸಿದೆ.

ಇದರ ಉಲ್ಟಾನೂ ಇದೆ, ಕೂಗಿದ್ದೆಲ್ಲ ಹುಂಜ ಅಲ್ಲ. ಹುಂಜ ಇಲ್ಲದ ಗುಂಪಲ್ಲಿ ಒಮ್ಮೊಮ್ಮೆ ಹ್ಯಾಟೆನೇ ಕೂಗುತ್ತೆ. ನಮ್ಮ ಕಡೆ ಹ್ಯಾಟೆ ಕೂಗಿದ್ರೆ ಮನೆಗೆ ಅಪಶಕುನ ಅಂತ ಅವತ್ತೇ ಕತ್ತು ಮುರೀತಾರೆ. ಪಾಪ. ಕೋಳಿಗೆ ಸಾಮಾನ್ಯವಾಗಿ ಎಡಗಡೆ ಅಂಡಾಶಯ ಒಂದೇ ಬೆಳೆಯೋದು, ಅದು ಕಾಯಿಲೆಯಿಂದ ಕೆಟ್ಟರೆ ಹೆಣ್ಣು ಹಾರ್ಮೋನು ಕಮ್ಮಿಯಾಗಿ ಜುಟ್ಟು ಬೆಳೆಯುತ್ತೆ, ಗರಿ ಬದಲಾದಾಗ ಹುಂಜದ ಗರಿ ಬರುತ್ತೆ, ಕೂಗೋದೂ ಶುರು. ಶಕುನ ಅಲ್ಲ, ಕಾಯಿಲೆ. ಮೊಟ್ಟೆ ಅಂತೂ ನಿಲ್ಲುತ್ತೆ.

ಸುಮ್ನೆ ಒಂದು ಮಾತು, ಸಂಜೆ ಹೊತ್ತು ನಮ್ಮ ತೋಟದ ಅಂಚಿಗೆ ಕಾಡುಕೋಳಿ ಬರ್ತಾವೆ, ಬೂದು ಮೈ, ಕತ್ತಿನ ಗರಿ ಮೇಲೆ ಮೇಣದ ಚುಕ್ಕೆ ಹಾಗೆ ಹಳದಿ ಬಿಳಿ ಚುಕ್ಕಿ. ಅಲ್ಲಿ ಗಂಡು ಹೆಣ್ಣು ಯಾರು ಅಂತ ಯಾರೂ ಕೇಳ್ಬೇಕಾಗೇ ಇಲ್ಲ, ಗಂಡಿನ ಠೀವಿನೇ ಬೇರೆ. ಮನೆಕೋಳಿ ಮೂಲ ಕೆಂಪು ಕಾಡುಕೋಳಿ ಆದ್ರೂ ಹಳದಿ ಕಾಲಿನ ಗುಣ ಮಾತ್ರ ನಮ್ಮ ಈ ಬೂದು ಕಾಡುಕೋಳಿಯಿಂದ ಬಂದಿರೋದು ಅಂತ 2008ರಲ್ಲಿ ಜೀನ್ ನೋಡಿ ಹೇಳಿದಾರೆ. ಗೂಡಲ್ಲಿರೋ ಹಳದಿ ಕಾಲಿನ ಹ್ಯಾಟೆ ನೋಡಿದ್ರೆ ನಂಗೆ ಈಗ ನೆಂಟರು ಅನ್ಸುತ್ತೆ. ಮತ್ತೆ ದಯವಿಟ್ಟು ಆ ಕಾಡುಕೋಳಿ ಮೊಟ್ಟೆ ತಂದು ಮನೆಕೋಳಿ ಹೊಟ್ಟೆ ಕೆಳಗೆ ಇಡೋ ಸಾಹಸ ಮಾಡ್ಬೇಡಿ, ವನ್ಯಜೀವಿ ಕಾಯ್ದೆಲಿ ಕೇಸಾಗುತ್ತೆ.

ಹ್ಯಾಟೆದು ಪಕ್ಕಾ ಗುರುತು ಬರೋದು ತಡ. ನಾಟಿಗೆ ಆರೇಳು ತಿಂಗಳು ಹಿಡಿಯುತ್ತೆ. ಅಷ್ಟು ದಿನ ಪೇಲವ ಇದ್ದ ಜುಟ್ಟು ಆಗ ಕೆಂಪಾಗುತ್ತೆ, ನೀವು ಹತ್ತಿರ ಹೋಗಿ ಕೈ ಚಾಚಿದ್ರೆ ಓಡೋ ಬದಲು ರೆಕ್ಕೆ ಸ್ವಲ್ಪ ಅಗಲಿಸಿ ಅಲ್ಲೇ ತಗ್ಗಿ ಕೂತ್ಬಿಡುತ್ತೆ. ಹಾಗೆ ಕೂತ್ರೆ ಇನ್ನು ಸ್ವಲ್ಪ ದಿನದಲ್ಲೇ ಮೊಟ್ಟೆ ಅಂತ. ಆಮೇಲೆ ಸೌದೆ ಕೊಟ್ಟಿಗೆ, ಕಾಫಿ ಚೀಲದ ಸಂದಿ, ಅಟ್ಟ ಎಲ್ಲಾ ಕಡೆ ಗೊಣಗ್ತಾ ಜಾಗ ಹುಡುಕ್ಕೊಂಡು ತಿರುಗುತ್ತೆ, ಅಷ್ಟರಲ್ಲಿ ನೀವೇ ಒಂದು ಬುಟ್ಟಿಗೆ ಹುಲ್ಲು ಹಾಕಿ ಕತ್ತಲೆ ಮೂಲೇಲಿ ಇಟ್ಟಿದ್ರೆ ಒಳ್ಳೇದು, ಇಲ್ದಿದ್ರೆ ತೋಟದಲ್ಲೆಲ್ಲೋ ಇಟ್ಟು ಮುಂಗುಸಿಗೆ ಊಟ.

ಉಳಿದ ಹುಂಜಗಳಲ್ಲಿ ಯಾವ್ದನ್ನ ಇಟ್ಕೊಳ್ಳೋದು ಅಂತ ಕೇಳಿದ್ರೆ, ಎಂಟು ಹತ್ತು ಹ್ಯಾಟೆಗೆ ಒಂದು ಸಾಕು. ದೊಡ್ಡ ಜುಟ್ಟಿನವನನ್ನ ನೋಡ್ಬೇಡಿ, ಹುಳ ಸಿಕ್ಕಿದ್ರೆ ಕರೆಯೋನು, ಗಿಡುಗ ಬಂದಾಗ ತಾನು ಮೊದಲು ಓಡದೇ ಕೂಗೋನು ಯಾರು ನೋಡಿ. ಮಕ್ಕಳ ಕಾಲಿಗೆ ಹಾರೋನು ಎಷ್ಟೇ ಚಂದ ಇದ್ರೂ ನಮ್ಮನೇಲಿ ಸೆಪ್ಟೆಂಬರ್‌ನ ಕೈಲ್ ಮುಹೂರ್ತ ದಾಟಲ್ಲ, ಪಂದಿ ಸಾರಿನ ಪಕ್ಕದಲ್ಲಿ ಕೋಳಿ ಸಾರೂ ಇರ್ಲೇಬೇಕಲ್ಲ, ನೂಪುಟ್ಟಿಗೆ, ಅಂದ್ರೆ ಅಕ್ಕಿ ಶಾವಿಗೆಗೆ, ಅದೇ ಸರಿ. ಒಂದೇ ಎಚ್ಚರಿಕೆ, ಗುರುತು ಪಕ್ಕಾ ಆಗೋ ತನಕ ಮಕ್ಕಳಿಗೆ ಹೆಸರಿಡೋಕೆ ಬಿಡ್ಬೇಡಿ. ನಮ್ಮನೇಲಿ "ಲಕ್ಷ್ಮಿ" ಅಂತ ಒಬ್ಬ ಇದಾನೆ, ನಾಲ್ಕೂವರೆಗೆ ಎದ್ದು ಕೂಗ್ತಾನೆ, ಮಕ್ಕಳು ಇವತ್ತಿಗೂ ಅವನನ್ನ ಮುಟ್ಟೋಕೆ ಬಿಡ್ತಿಲ್ಲ.